ಹಿಂದ್ಗಡೆ ಯಾರ್ ನೋಡ್ತಾರೆ ಅಕ್ಕ? ಮಗಳ ಕೋಣೆಯ ವಾರ್ಡ್‌ರೋಬ್ ರಿಪೇರಿ ಕಥೆ

ಫೆಬ್ರವರಿ ಕೊನೆಯಲ್ಲಿ ಮಗಳ ಕೋಣೆಗೆ ಹೊಸ ವಾರ್ಡ್‌ರೋಬ್ ಬಂತು. ಏಳಡಿ ಅಗಲ, ಏಳಡಿ ಎತ್ತರ, ಮೇಲೆ ಅಟ್ಟದ ಹಾಗೆ ಲಾಫ್ಟ್, ಪಕ್ಕದಲ್ಲಿ ಓದುವ ಮೇಜು. ಬಿಳಿ ಬಾಗಿಲು, ಒಳಗೆ ತೇಗದ ಗೆರೆಯ ಲ್ಯಾಮಿನೇಟ್. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ನನಗೂ ಹಾಗೇ ಅನ್ನಿಸಿತ್ತು. ಮೊದಲ ವಾರ ಮೂಗಿಗೆ ರಾಚುತ್ತಿದ್ದ ರಬ್ಬರ್ ಅಂಟಿನ ವಾಸನೆ ಯುಗಾದಿಯ ಹೊತ್ತಿಗೆ ಹೋಗಿತ್ತು. ವಾಸನೆ ಹೋಯಿತಲ್ಲ, ಇನ್ನೇನು ಅಂತ ಸುಮ್ಮನಾದೆವು.

ಏಪ್ರಿಲ್‌ನಲ್ಲಿ ರಜೆ ಶುರುವಾದ ಮೇಲೆ ಮಗಳು ಮಧ್ಯಾಹ್ನ ಆ ಕೋಣೆಯಲ್ಲೇ ಇರತೊಡಗಿದಳು. ಮೂರು ಗಂಟೆ ಹೊತ್ತಿಗೆ ಕಣ್ಣುಜ್ಜಿಕೊಂಡು ಹೊರಗೆ ಬರುತ್ತಿದ್ದಳು. ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ. ಹಜಾರದಲ್ಲಿ ಅರ್ಧ ಗಂಟೆ ಕೂತರೆ ಸರಿಹೋಗುತ್ತಿತ್ತು. ಡಾಕ್ಟರು ಅಲರ್ಜಿ ಅಂದರು, ಧೂಳು ಒರೆಸಿ ಅಂದರು. ಒರೆಸಿದೆವು. ಏನೂ ಆಗಲಿಲ್ಲ. ಒಂದು ದಿನ ನಾನೇ ಬಟ್ಟೆ ಜೋಡಿಸಲು ಬಾಗಿಲು ತೆಗೆದು ಒಳಗೆ ತಲೆ ಹಾಕಿದೆ. ವಾಸನೆ ಅನ್ನುವಂಥದ್ದೇನೂ ಇಲ್ಲ, ಆದರೆ ಈರುಳ್ಳಿ ಹೆಚ್ಚುವಾಗ ಆಗುತ್ತದಲ್ಲ, ಹಾಗೆ ಕಣ್ಣು ಚುರುಗುಟ್ಟಿತು. ಅಲ್ಲಿಂದ ಈ ಕೆಲಸ ಶುರು.

ಮೊದಲ ತಪ್ಪು: ಅಗ್ಗದ ಮೀಟರ್

ಆನ್‌ಲೈನ್‌ನಲ್ಲಿ ಸಿಗುವ, ಅಂಗೈಯಗಲದ ಮೀಟರೊಂದನ್ನು ತರಿಸಿದೆ. ಪರದೆಯ ಮೇಲೆ ಫಾರ್ಮಾಲ್ಡಿಹೈಡ್ (ಹಲಗೆಯ ಅಂಟಿನಿಂದ ಹೊರಬರುವ, ಕಣ್ಣು ಗಂಟಲು ಉರಿಸುವ ಅನಿಲ) ಅಂತ ಒಂದು ಅಂಕಿ, ಧೂಳಿನ ಕಣಕ್ಕೆ ಇನ್ನೊಂದು. ಕೋಣೆಯಲ್ಲಿ 0.43 ತೋರಿಸಿತು. ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಅತ್ತೆ ಪಕ್ಕದಲ್ಲಿ ಹಲಸಿನ ಹಣ್ಣು ಬಿಡಿಸಲು ಕೂತರು, ಮೀಟರು 0.9ಕ್ಕೆ ಹಾರಿತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಮುಟ್ಟಿದರೆ 1.9. ಹುದುಗಿದ ದೋಸೆ ಹಿಟ್ಟಿನ ಪಾತ್ರೆಯ ಮೇಲೆ ಹಿಡಿದರೆ ಆಗಲೂ ಏರಿತು. ಅಂದರೆ ಅದು ಫಾರ್ಮಾಲ್ಡಿಹೈಡನ್ನು ಅಳೆಯುತ್ತಲೇ ಇರಲಿಲ್ಲ. ಆಲ್ಕೋಹಾಲೋ ಹಣ್ಣಿನ ಘಮವೋ, ಸಿಕ್ಕ ಆವಿಯನ್ನೆಲ್ಲ ಒಂದೇ ಲೆಕ್ಕಕ್ಕೆ ಹಾಕಿ, ಅದಕ್ಕೊಂದು ಹೆದರಿಸುವ ಹೆಸರಿಟ್ಟು ತೋರಿಸುತ್ತಿತ್ತು. ಒಂದೂವರೆ ಸಾವಿರ ರೂಪಾಯಿ ಹಲಸಿನ ಹಣ್ಣಿನ ಪಾಲು.

ಎರಡನೆಯ ಸಲ ಬುದ್ಧಿ ಬಂತು. ಸೆನ್ಸಿರಿಯನ್ ಕಂಪನಿಯ ಎಸ್‌ಎಫ್‌ಎ30 ಅನ್ನುವ ಸೆನ್ಸರ್ ಮಾಡ್ಯೂಲ್ ತರಿಸಿದೆ, 4,200 ರೂಪಾಯಿ. ಇದು ಎಲೆಕ್ಟ್ರೋಕೆಮಿಕಲ್ ಜಾತಿಯದು, ಫಾರ್ಮಾಲ್ಡಿಹೈಡಿಗೆಂದೇ ಮಾಡಿದ್ದು, ಸ್ಪಿರಿಟ್ಟಿನ ಆವಿಗೆ ಅಷ್ಟಾಗಿ ಮೋಸಹೋಗುವುದಿಲ್ಲ. ಜೊತೆಗೆ ಉಷ್ಣಾಂಶ, ತೇವಾಂಶವನ್ನೂ ಹೇಳುತ್ತದೆ. ಮನೆಯಲ್ಲಿ ಬಿದ್ದಿದ್ದ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನಾಲ್ಕು ತಂತಿ ಹಚ್ಚಿದೆ. ಒಂದು ಸಂಜೆಯೆಲ್ಲ ಏನೂ ಬರಲಿಲ್ಲ. ಎಸ್‌ಇಎಲ್ ಅನ್ನುವ ಪಿನ್ನನ್ನು ಗ್ರೌಂಡಿಗೆ ಕಟ್ಟಿದರೆ ಮಾತ್ರ ಅದು ಐ2ಸಿ ಅನ್ನುವ, ನಾನು ಬಳಸಿದ್ದ ಭಾಷೆಯಲ್ಲಿ ಬೋರ್ಡಿನ ಜೊತೆ ಮಾತಾಡುತ್ತದೆ. ಹಾಗೇ ಬಿಟ್ಟರೆ ಯುಆರ್ಟಿ ಅನ್ನುವ ಇನ್ನೊಂದು ಭಾಷೆಯಲ್ಲಿ ತನ್ನಷ್ಟಕ್ಕೆ ಕೂತಿರುತ್ತದೆ. ಡೇಟಾಶೀಟಿನಲ್ಲಿ ಇದು ಬರೆದಿತ್ತು, ನಾನು ಓದಿರಲಿಲ್ಲ. ಐದನೆಯ ತಂತಿ ಬಿದ್ದ ಮೇಲೆ ಅಂಕಿ ಬಂತು.

ಏಪ್ರಿಲ್ 19ರ ಲೆಕ್ಕ ಹೀಗಿತ್ತು. ತಾರಸಿಯಲ್ಲಿ 9 ಪಿಪಿಬಿ, ಅಂದರೆ ನೂರು ಕೋಟಿ ಭಾಗ ಗಾಳಿಯಲ್ಲಿ ಒಂಬತ್ತು ಭಾಗ. ಹಜಾರದಲ್ಲಿ 38. ಮಗಳ ಕೋಣೆ, ಬೆಳಿಗ್ಗೆ ಆರಕ್ಕೆ, 27 ಡಿಗ್ರಿಯಲ್ಲಿ 98. ಅದೇ ಕೋಣೆ, ಮುಚ್ಚಿದ ಕಿಟಕಿ, ಮಧ್ಯಾಹ್ನ ಮೂರಕ್ಕೆ, 33 ಡಿಗ್ರಿಯಲ್ಲಿ 182. ವಾರ್ಡ್‌ರೋಬಿನೊಳಗೆ, ಅವಳ ಯೂನಿಫಾರ್ಮಿನ ಪಕ್ಕದಲ್ಲಿ 540.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಹಾಕಿದ ಮಿತಿ ಅರ್ಧ ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿಲಿಗ್ರಾಂ, ಅಂದರೆ ಸುಮಾರು 80 ಪಿಪಿಬಿ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ಸಂತ್ರಸ್ತರಿಗೆ ಸರ್ಕಾರ ಕೊಟ್ಟ ಟ್ರೇಲರ್ ಮನೆಗಳ ಸುದ್ದಿ ನೆನಪಿರಬಹುದು. ಜನ ಕಣ್ಣುರಿ, ಕೆಮ್ಮು ಅಂತ ದೂರಿದ ಮೇಲೆ 519 ಮನೆಗಳನ್ನು ಅಳೆದಾಗ ಸಿಕ್ಕ ಸರಾಸರಿ 77. ಆ ಅಳತೆ ನಡೆದದ್ದು ಚಳಿಗಾಲದಲ್ಲಿ, ನಿಜ. ಆದರೂ ನಮ್ಮ ಮೈಸೂರಿನ ಗಾಳಿಯಾಡುವ ಮನೆಯ ಒಂದು ಕೋಣೆ ಆ ತಗಡಿನ ಮನೆಗಳ ಸರಾಸರಿಯನ್ನು ಮೀರಿದ್ದು ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ಮಗಳ ಹಾಸಿಗೆ ಅತ್ತೆಯ ಕೋಣೆಗೆ ಹೋಯಿತು, 25ಕ್ಕೆ ಅವಳು ತೀರ್ಥಹಳ್ಳಿಯ ಅಜ್ಜಿಮನೆಗೆ ಹೊರಟಳು. ಕೆಲಸಕ್ಕೆ ನನಗೆ ಒಂದು ತಿಂಗಳು ಸಿಕ್ಕಿತು.

ಎಲ್ಲಿಂದ ಬರುತ್ತಿದೆ?

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರು, ಎಂಡಿಎಫ್ ಅಂದರೆ ಮರದ ನಾರು. ಎರಡನ್ನೂ ಹಿಡಿದಿಟ್ಟಿರುವುದು ಅಂಟು, ಬಹುತೇಕ ಯೂರಿಯಾ ಫಾರ್ಮಾಲ್ಡಿಹೈಡ್. ಎಂಆರ್ (ತೇವವನ್ನು ಸ್ವಲ್ಪ ಮಟ್ಟಿಗಷ್ಟೇ ತಡೆಯುವ) ದರ್ಜೆಯ ಪ್ಲೈವುಡ್ಡಿಗೂ ಸಾಮಾನ್ಯವಾಗಿ ಅದೇ. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣ ಕಾಣುವುದಿಲ್ಲ. ಒಂದೇ ದೋಷ, ನೀರು ಕಂಡರೆ ಆಗದು. ತೇವ ಮತ್ತು ಶಾಖ ಸೇರಿದರೆ ಆ ಅಂಟು ಮೆಲ್ಲಗೆ ಬಿಚ್ಚಿಕೊಂಡು ಫಾರ್ಮಾಲ್ಡಿಹೈಡನ್ನು ಬಿಡುತ್ತಲೇ ಇರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಆರೇಳು ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ನನ್ನ ಬೆಳಗಿನ 98, ಮಧ್ಯಾಹ್ನದ 182 ಇದಕ್ಕೆ ಸರಿಯಾಗಿ ಕೂತಿತು. ರಬ್ಬರ್ ಅಂಟಿನ ವಾಸನೆ ಬೇರೆಯೇ ಬಾಬತ್ತು. ಅದು ಟೊಲ್ಯೂಈನ್‌ನಂಥ ದ್ರಾವಕ, ದಿನಗಳಲ್ಲಿ ಹಾರಿಹೋಗುತ್ತದೆ. ಮೂಗಿಗೆ ಜೋರಾಗಿ ಬಡಿದದ್ದು ಹೋಯಿತು, ಮೂಗಿಗೆ ಸಿಗದ್ದು ಉಳಿಯಿತು.

ಆದರೆ ನಮ್ಮದು ಲ್ಯಾಮಿನೇಟ್ ಹೊದಿಸಿದ್ದಲ್ಲವೇ? ಲ್ಯಾಮಿನೇಟ್ ದಾಟಿ ಇಷ್ಟು ಬರುವುದಿಲ್ಲ. ಹಾಗಾದರೆ ಸೋರಿಕೆ ಎಲ್ಲಿಂದ?

ಇದನ್ನು ಹಿಡಿಯಲು ಅತ್ತೆಯ ಚಕ್ಕುಲಿ ಡಬ್ಬಿ ಬೇಕಾಯಿತು. ಬಿಗಿ ಮುಚ್ಚಳದ ಹತ್ತು ಲೀಟರ್ ಸ್ಟೀಲ್ ಡಬ್ಬಿ. ಪ್ಲಾಸ್ಟಿಕ್ ಡಬ್ಬಿ ತಾನೇ ಏನಾದರೂ ಬಿಟ್ಟೀತು ಅಂತ ಅದನ್ನು ಮುಟ್ಟಲಿಲ್ಲ. ಬಿಸಿನೀರು, ಸೀಗೇಪುಡಿ ಹಾಕಿ ಮೂರು ಸಲ ತೊಳೆದೆ, ಎಣ್ಣೆ ಜಿಡ್ಡು ಹೋಗಬೇಕಲ್ಲ. ಅತ್ತೆ ಕೇಳಿದರು, "ಚಕ್ಕುಲಿ ಎಲ್ಲಿಗೆ ಹಾಕ್ಲಿ?" ಪ್ರೆಶರ್ ಕುಕ್ಕರಿಗೆ ಅಂದೆ. ಆ ಮಾತಿಗೆ ಎರಡು ದಿನ ಮುಖ ಊದಿತ್ತು.

ಲಾಫ್ಟಿನ ಮೇಲೆ ಆಚಾರ್ರು ಬಿಟ್ಟುಹೋಗಿದ್ದ ತುಂಡುಗಳಿದ್ದವು. ಎಲ್ಲವನ್ನೂ ಹತ್ತು ಸೆಂಟಿಮೀಟರ್ ಚೌಕ ಕೊಯ್ದು, ಒಂದೊಂದನ್ನೇ ಸೆನ್ಸರ್ ಜೊತೆ ಡಬ್ಬಿಯಲ್ಲಿಟ್ಟು, ಎರಡು ಗಂಟೆ ಮುಚ್ಚಿ ನೋಡಿದೆ, ಎಲ್ಲವೂ ಮಧ್ಯಾಹ್ನದ ಹೊತ್ತಿಗೇ. ಬರೀ ಡಬ್ಬಿ 14. ಎರಡೂ ಮುಖಕ್ಕೆ ಲ್ಯಾಮಿನೇಟ್ ಇರುವ, ಆದರೆ ನಾಲ್ಕೂ ಅಂಚು ಬೋಳಾದ ಶೆಲ್ಫಿನ ತುಂಡು 410. ಅದೇ ತುಂಡಿನ ಅಂಚಿಗೆ ಎಸಿ ಡಕ್ಟಿಗೆ ಸುತ್ತುವ ಅಲ್ಯೂಮಿನಿಯಂ ಟೇಪ್ ಹಾಕಿ, ಡಬ್ಬಿಗೆ ಗಾಳಿಯಾಡಿಸಿ ಮತ್ತೆ ಇಟ್ಟೆ. 62.

ಹದಿನೆಂಟು ಮಿಲಿಮೀಟರ್ ದಪ್ಪದ ಆ ತುಂಡಿಗೆ ಅಂಚು ಅಂದರೆ ಒಟ್ಟು ಮೈಯ ಕಾಲುಭಾಗ. ಮುಕ್ಕಾಲು ಭಾಗ ಮುಚ್ಚಿದ್ದರೂ ಉಳಿದ ಕಾಲುಭಾಗದಿಂದಲೇ ಎಲ್ಲ ಬರುತ್ತಿತ್ತು. ಕಬ್ಬನ್ನು ಅಡ್ಡ ಕೊಯ್ದ ಹಾಗೆ, ಕೊಯ್ದ ಬಾಯಲ್ಲೇ ರಸ. ಮುಚ್ಚಿದ ಡಬ್ಬಿಯ ಅಂಕಿಯನ್ನು ಕೋಣೆಯ ಅಂಕಿ ಅಂದುಕೊಳ್ಳಬಾರದು. ಇದು ಯಾವುದು ಹೆಚ್ಚು ಯಾವುದು ಕಡಿಮೆ ಅಂತ ಹೋಲಿಸಲು ಮಾತ್ರ.

ಆಮೇಲೆ ಬೆನ್ನುಹಲಗೆಯ ತುಂಡು. ಆರು ಮಿಲಿಮೀಟರ್ ಎಂಡಿಎಫ್, ಒಳಮುಖ ಬೆಳ್ಳಗೆ, ಗೋಡೆಯ ಕಡೆ ಬೋಳು. 690.

ಆಚಾರ್ರಿಗೆ ಫೋನ್ ಮಾಡಿದೆ. "ಹಿಂದ್ಗಡೆಗೂ ಲ್ಯಾಮಿನೇಟ್ ಹಾಕಿಲ್ವಾ?"

"ಹಿಂದ್ಗಡೆ ಯಾರ್ ನೋಡ್ತಾರೆ ಅಕ್ಕ? ಗೋಡೆ ನೋಡತ್ತಾ?"

ಅವರದು ತಪ್ಪು ಅನ್ನಲಾರೆ. ಊರೆಲ್ಲ ಹಾಗೇ ಮಾಡುತ್ತಾರೆ, ನಾನೂ ಮುಂದಿನ ಬಾಗಿಲಿನ ಬಣ್ಣಕ್ಕೆ ನಾಲ್ಕು ದಿನ ತಲೆಕೆಡಿಸಿಕೊಂಡವಳು ಬೆನ್ನಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಬಿಲ್ಲಿನಲ್ಲಿ ಚೌಕಟ್ಟಿಗೆ ಬಿಡಬ್ಲ್ಯುಪಿ (ನೀರಿಗೆ ಜಗ್ಗದ) ಪ್ಲೈ ಅಂತ ದೊಡ್ಡದಾಗಿ ಬರೆದಿತ್ತು, ಶೆಲ್ಫ್ ಮತ್ತು ಬೆನ್ನಿಗೆ ಬೋರ್ಡ್ ಅಂತಷ್ಟೇ. ಮೇಲೆ ತಳುಕು, ಒಳಗೆ ಹುಳುಕು ಅಂತ ಗಾದೆ ಕಟ್ಟಿದವರು ಮಾಡ್ಯುಲರ್ ಫರ್ನಿಚರ್ ನೋಡಿಯೇ ಕಟ್ಟಿರಬೇಕು.

ಕಾಣದ ಜಾಗಗಳ ಪಟ್ಟಿ ಮಾಡಲು ಟಾರ್ಚ್ ಹಿಡಿದು ಒಳಗೆ ಮಲಗಿದೆ. ಹನ್ನೊಂದು ಶೆಲ್ಫು, ಪ್ರತಿಯೊಂದಕ್ಕೂ ಮುಂದಿನ ಅಂಚಿಗೆ ಮಾತ್ರ ಪಟ್ಟಿ, ಉಳಿದ ಮೂರು ಅಂಚು ಬೋಳು. ಶೆಲ್ಫ್ ಪಿನ್ ಕೂರಿಸಲು ಕೊರೆದ ತೂತು 96, ಬಳಸಿದ್ದು 44. ಬಾಗಿಲಿನ ಕಪ್ ಹಿಂಜ್ ಕೂರುವ 35 ಮಿಲಿಮೀಟರ್ ಗುಳಿ ಹದಿನೈದು, ಒಳಗೆ ಬರೀ ಎಂಡಿಎಫ್. ಲಾಫ್ಟಿನ ತಲೆ ಬೋಳು. ಮೇಜಿನ ಅಡಿ ಬೋಳು. ಲೆಕ್ಕ ಹಾಕಿದರೆ ಶೆಲ್ಫಿನ ಅಂಚುಗಳೆಲ್ಲ ಸೇರಿ ಒಂದು ಚದರ ಮೀಟರಿನ ಮೂರನೆಯ ಒಂದು ಭಾಗ ಚಿಲ್ಲರೆ. ಬೆನ್ನೊಂದೇ ನಾಲ್ಕೂವರೆ ಚದರ ಮೀಟರ್.

ಬೆನ್ನು ಬಿಚ್ಚಿದಾಗ

ಮೇ 3. ನಮ್ಮನೆಯವರೂ ನಾನೂ ಸೇರಿ ಶೆಲ್ಫ್ ಕಳಚಿ, ಎಲ್ ಕ್ಲಾಂಪ್ ಬಿಚ್ಚಿ, ವಾರ್ಡ್‌ರೋಬನ್ನು ಒಂದೂವರೆ ಅಡಿ ಮುಂದಕ್ಕೆಳೆದೆವು. ಕೆಳಗೆ ಹಳೇ ಜಮಖಾನ ಹಾಕಿ ಎಳೆದರೆ ಇಬ್ಬರಿಗೆ ಸಾಕು. ಲಾಫ್ಟು ಬೇರೆ ಪೆಟ್ಟಿಗೆಯಾಗಿದ್ದು ಪುಣ್ಯ.

ಹಿಂದೆ ಕಂಡದ್ದು ನಾನು ನಿರೀಕ್ಷಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಬೆನ್ನುಹಲಗೆಯ ಕೆಳಗಿನ ಎರಡಡಿ ಉಬ್ಬಿಕೊಂಡು, ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ಗೋಡೆಯ ಸುಣ್ಣ ಉಪ್ಪುಪ್ಪಾಗಿ ಎದ್ದಿತ್ತು. ಆ ಗೋಡೆಯ ಆಚೆ ಬಚ್ಚಲು. ಶವರಿನ ಮೂಲೆಯ ಟೈಲ್ಸ್ ಸಂದಿಯಿಂದ ನೀರು ಇಳಿದು ಇಳಿದು ಗೋಡೆ ಒದ್ದೆಯಾಗಿತ್ತು, ಒದ್ದೆ ಗೋಡೆಗೆ ಮೈಯೊತ್ತಿ ಯೂರಿಯಾ ಅಂಟಿನ ಎಂಡಿಎಫ್ ನಿಂತಿತ್ತು, ಮೇಲೆ ಕಾದ ಆರ್‌ಸಿಸಿ ತಾರಸಿ. ತೇವ, ಶಾಖ, ಅಂಟು, ಮೂರೂ ಒಂದೇ ಕಡೆ. ಪ್ರಯೋಗಶಾಲೆಯಲ್ಲಿ ಬೇಕೆಂದೇ ಮಾಡಿದರೂ ಇಷ್ಟು ಚೆನ್ನಾಗಿ ಹೊಂದಿಸಲಾಗುತ್ತಿರಲಿಲ್ಲ.

ಹಾಗಾಗಿ ಬೆನ್ನಿಗೆ ಏನನ್ನಾದರೂ ಬಳಿದು ಮುಚ್ಚುವ ಯೋಚನೆ ಬಿಟ್ಟೆ. ಅದು ಮನೆಯಿಂದಲೇ ಹೋಯಿತು. ಬಚ್ಚಲಿನ ಹಳೇ ಸಂದಿ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿದೆವು, ಗಾರೆಯವರದು ಒಂದು ದಿನದ ಕೂಲಿ. ಗೋಡೆ ಒಣಗಲು ಟೇಬಲ್ ಫ್ಯಾನ್ ಹಚ್ಚಿ ಒಂಬತ್ತು ದಿನ ಕಾದೆ. ಈ ಒಂಬತ್ತು ದಿನ ಬರೆಯುವಂಥದ್ದೇನೂ ಇಲ್ಲ.

ಹೊಸ ಬೆನ್ನಿಗೆ ಐಎಸ್ 710 ಅನ್ನುವ ಭಾರತೀಯ ಮಾನಕದ ಮುದ್ರೆಯಿರುವ ಆರು ಮಿಲಿಮೀಟರ್ ಪ್ಲೈ ತಂದೆ. ಇದಕ್ಕೆ ಬಳಸುವುದು ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು. ಹೆಸರಲ್ಲಿ ಅದೇ ಇದ್ದರೂ ಗಟ್ಟಿಯಾದ ಮೇಲೆ ನೀರಿಗೆ ಬಿಚ್ಚಿಕೊಳ್ಳುವುದಿಲ್ಲ, ಅದಕ್ಕೇ ಅದನ್ನು ಕುದಿಯುವ ನೀರಿಗೂ ಜಗ್ಗದ ದರ್ಜೆ ಅನ್ನುವುದು. ಅಂಗಡಿಯಲ್ಲಿ ಸ್ಯಾಂಪಲ್ ತುಂಡು ಕೇಳಿ ಪಡೆದು ಡಬ್ಬಿಗೆ ಹಾಕಿ ನೋಡಿದ ಮೇಲೇ ಕೊಂಡೆ: 55. ಅಂಗಡಿಯವರು ಏನಮ್ಮಾ ಇದು ಅನ್ನುವ ಹಾಗೆ ನೋಡಿದರು. ಗೋಡೆಗೂ ಬೆನ್ನಿಗೂ ನಡುವೆ ಎರಡು ಸೆಂಟಿಮೀಟರ್ ಸಂದಿ ಉಳಿಯುವಂತೆ ಮರದ ಪಟ್ಟಿ ಕೊಟ್ಟೆ. ಮುಂದೆ ಗೋಡೆ ಬೆವರಿದರೂ ಹಲಗೆ ಒದ್ದೆಯಾಗಬಾರದು.

ಅರಗಿನ ಮನೆ

ಉಳಿದ ಬೋಳು ಜಾಗಗಳಿಗೆ ಏನು ಬಳಿಯುವುದು? ಪಾಲಿಯುರೇಥೇನ್ (ಪಿಯು) ಹೊದಿಕೆ ತಡೆಯುತ್ತದೆ ಅಂತ ಅಮೆರಿಕದ ಸರ್ಕಾರಿ ಸಲಹೆಗಳಲ್ಲೇ ಇದೆ, ಎಲ್ಲ ಮುಖ ಎಲ್ಲ ಅಂಚೂ ಮುಚ್ಚಬೇಕು ಅನ್ನುವ ಷರತ್ತಿನೊಂದಿಗೆ. ಆದರೆ ಇಲ್ಲಿ ಸಿಗುವ ಪಿಯು ಬಹುತೇಕ ಥಿನ್ನರಿನಲ್ಲಿ ಕರಗಿದ್ದು. ಒಂದು ಆವಿ ಓಡಿಸಲು ಇನ್ನೊಂದನ್ನು ಕರೆತರುವುದು ನನಗೆ ಸರಿ ಕಾಣಲಿಲ್ಲ.

ಅರಗು ಹೊಳೆದದ್ದು ಚನ್ನಪಟ್ಟಣದ ಬೊಂಬೆಯಿಂದ. ಮಗಳು ಕೂಸಾಗಿದ್ದಾಗ ಕಚ್ಚುತ್ತಿದ್ದ ಗಿಲಕಿ ಇನ್ನೂ ಮನೆಯಲ್ಲಿದೆ. ಆಲೆಮರಕ್ಕೆ ಅರಗು ಮೆತ್ತಿ ತಿರುಗಣೆಯ ಮೇಲೆ ಹೊಳಪು ಕೊಟ್ಟದ್ದು. ಅದೇ ಅರಗನ್ನು ಶುದ್ಧ ಮಾಡಿ ಹಾಳೆಯಂತೆ ಎಳೆದು ಒಡೆದರೆ ಶೆಲ್ಯಾಕ್ ಚಕ್ಕೆ. ಆಚಾರ್ರುಗಳು ಚಪಡಾ ಅನ್ನುತ್ತಾರೆ, ಫ್ರೆಂಚ್ ಪಾಲಿಶಿಗೆ ಹಾಕುವುದು ಇದನ್ನೇ. ಮೇಣ ತೆಗೆದ ಚಕ್ಕೆ ಕೇಳಿ ತಂದೆ. ಲೀಟರ್ ಸ್ಪಿರಿಟ್ಟಿಗೆ 200 ಗ್ರಾಂ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ, ಆಗಾಗ ಅಲ್ಲಾಡಿಸುತ್ತಾ. ಬೆಳಿಗ್ಗೆ ಹಳೇ ಮಸ್ಲಿನ್ ಬಟ್ಟೆಯಲ್ಲಿ ಸೋಸಿದೆ. ಜೇನಿನ ಬಣ್ಣ.

ಮೊದಲು ಡಬ್ಬಿ ಪರೀಕ್ಷೆ. 690 ಕೊಟ್ಟಿದ್ದ ಎಂಡಿಎಫ್ ತುಂಡಿನ ಬೋಳು ಮುಖಕ್ಕೂ ಅಂಚಿಗೂ ಒಂದು ಕೈ ಬಳಿದು, ಎರಡು ದಿನ ಒಣಗಿಸಿ ಇಟ್ಟೆ: 400. ಮೊದಲ ಕೈಯನ್ನು ಎಂಡಿಎಫ್ ಬರಗೆಟ್ಟವರ ಹಾಗೆ ಕುಡಿದುಬಿಡುತ್ತದೆ, ಮೇಲೆ ಪದರವೇ ನಿಲ್ಲುವುದಿಲ್ಲ. ನಡುವೆ 320 ನಂಬರಿನ ಉಪ್ಪುಕಾಗದ ಹಗುರವಾಗಿ ಎಳೆದು ಇನ್ನೂ ಎರಡು ಕೈ ಕೊಟ್ಟ ಮೇಲೆ: 95. ಮೂರು ಕೈಗಿಂತ ಕಡಿಮೆ ಮಾಡಿದರೆ ಮಾಡದೇ ಇದ್ದರೂ ನಡೆದೀತು.

ಅತ್ತೆ ಬಾಟಲಿಯನ್ನು ಮೂಸಿ ನೋಡಿ ಅಂದರು, "ಅರಗಿನ ಮನೆ ಕಟ್ತಿದ್ದೀಯಾ? ಅದಕ್ಕೆ ಬೆಂಕಿ ಬಿದ್ದ ಕಥೆ ಗೊತ್ತು ತಾನೆ?" ತಮಾಷೆ ಮಾತಲ್ಲ ಅದು. ಒಣಗಿದ ಅರಗಿಗಿಂತ ಹಸಿ ಸ್ಪಿರಿಟ್ಟಿನ ಆವಿ ಅಪಾಯ. ಬಳಿಯುವ ಐದು ದಿನ ಆ ಕೋಣೆಯಲ್ಲಿ ಸ್ವಿಚ್ ಕೂಡ ಮುಟ್ಟಲಿಲ್ಲ, ಹಗಲ ಬೆಳಕಲ್ಲೇ ಕೆಲಸ, ಕಿಟಕಿ ಬಾಗಿಲು ಪೂರ್ತಿ ತೆರೆದು. ಅತ್ತೆಯ ಸಂಜೆಯ ಧೂಪ ಅಂಗಳದ ತುಳಸಿ ಕಟ್ಟೆಗೆ ಸೀಮಿತ. ಅಂಗಡಿಯ ಸ್ಪಿರಿಟ್ಟಿನಲ್ಲಿ ಮೆಥನಾಲ್ ಬೆರೆಸಿರುತ್ತಾರೆ, ಹಾಗಾಗಿ ಕೈಗವಸು ಹಾಕಿಕೊಂಡೆ, ಒಂದೇ ಉಸಿರಿಗೆ ಗಂಟೆಗಟ್ಟಲೆ ಕೂರಲಿಲ್ಲ. ಸೆನ್ಸರನ್ನು ಹಜಾರಕ್ಕೆ ಸಾಗಿಸಿದ್ದೆ.

ಎಲ್ಲಿಗೆ ಏನು ಅನ್ನುವುದು ಕೆಲಸ ಮಾಡುತ್ತಾ ತೀರ್ಮಾನವಾಯಿತು. ಶೆಲ್ಫಿನ ಬೋಳು ಅಂಚುಗಳಿಗೆ ಅಲ್ಯೂಮಿನಿಯಂ ಟೇಪೇ ಸಾಕು, ಬಟ್ಟೆ ಜೋಡಿಸಿದರೆ ಕಾಣುವುದೂ ಇಲ್ಲ. ಟೇಪಿಗೆ ಮುಂಚೆ ಅಂಚನ್ನು ಒಣಬಟ್ಟೆಯಿಂದ ಚೆನ್ನಾಗಿ ಉಜ್ಜಬೇಕು. ಗರಗಸದ ಪುಡಿ ಉಳಿದರೆ ಟೇಪು ವಾರದಲ್ಲಿ ಏಳುತ್ತದೆ, ನನಗೆ ಎರಡು ಶೆಲ್ಫಿನಲ್ಲಿ ಎದ್ದಿತು. ಕಣ್ಣಿಗೆ ಬೀಳುವ ಮೂರು ಅಂಚಿಗೆ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಅಂಟಿಸುವ ಪಟ್ಟಿ. ಲಾಫ್ಟಿನ ತಲೆಗೆ, ಹಿಂಜ್ ಗುಳಿಗಳಿಗೆ ಅರಗು. ಗುಳಿಗೆ ಬಳಿಯಲು ಮಗಳ ಡ್ರಾಯಿಂಗ್ ಬ್ರಷ್ಷೇ ಸರಿಯಾಯಿತು. ಬಳಸದ 52 ಪಿನ್ ತೂತುಗಳಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮುಚ್ಚಳ ಒತ್ತಿದೆ, ನೂರಕ್ಕೆ ಎಪ್ಪತ್ತು ರೂಪಾಯಿ. ಒದ್ದೆ ಕೈಯಲ್ಲಿ ಮುಟ್ಟಿದ ಕಡೆ ಅರಗು ಬೆಳ್ಳಗೆ ಮಸುಕಾಗುತ್ತದೆ, ಆದ್ದರಿಂದ ನೀರು ತಾಗುವ ಜಾಗಕ್ಕೆ ಇದು ಬೇಡ, ಅಡುಗೆಮನೆಯ ಸಿಂಕಿನ ಕೆಳಗಂತೂ ಬೇಡವೇ ಬೇಡ.

ಗಾಳಿ ಎಲ್ಲಿಂದ ಬರಬೇಕು?

ಕೋಣೆ ಹತ್ತು ಹನ್ನೊಂದಡಿ, ಎತ್ತರ ಹತ್ತಡಿ, ಒಟ್ಟು 31 ಘನ ಮೀಟರ್. ಕಿಟಕಿಯ ಮೇಲಿನ ಗಾಜು ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ಶೀಟ್ ಕತ್ತರಿಸಿ, ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಡಬ್ಬಿಯ ಮೇಲೆ ಗಂಟೆಗೆ 250 ಘನ ಮೀಟರ್ ಅಂತಿತ್ತು. ಕಾಗದದ ಲೆಕ್ಕದಲ್ಲಿ ಗಂಟೆಗೆ ಎಂಟು ಸಲ ಗಾಳಿ ಬದಲಾಗಬೇಕು.

ಹಾಕಿ ಬಾಗಿಲು ಮುಚ್ಚಿದೆ. ಫ್ಯಾನು ಗೊಂಯ್ ಅಂತ ತಿರುಗಿತು, ಟಿಶ್ಯೂ ಕಾಗದ ಹಿಡಿದರೆ ಅಲ್ಲಾಡಲೇ ಇಲ್ಲ. ಒಳಗೆ ಬರಲು ದಾರಿಯಿಲ್ಲದೆ ಹೊರಗೆ ಹೋಗುವುದಾದರೂ ಯಾವುದು? ಕೋಣೆಯ ಬಾಗಿಲಿಗೆ ಹಲ್ಲಿ ಬರದಿರಲಿ ಅಂತ ನಾನೇ ಕೆಳಗೆ ರಬ್ಬರ್ ಪಟ್ಟಿ ಹೊಡೆದಿದ್ದೆ. ಅದನ್ನು ಕಿತ್ತು, ಆಚಾರ್ರಿಂದ ಬಾಗಿಲಿನ ಬುಡ ಎರಡು ಸೆಂಟಿಮೀಟರ್ ಹೆರೆಸಿದೆ. ಆಗ ಗಾಳಿ ಆಡಿತು. ಆಡಿದ ಮೊದಲ ಸಂಜೆಯೇ ಹಜಾರದ ಧೂಪದ ಹೊಗೆಯೆಲ್ಲ ಬಾಗಿಲಡಿಯಿಂದ ನುಗ್ಗಿ ಮಗಳ ಕೋಣೆಗೆ ಬಂತು! ಮೈಸೂರಿನಲ್ಲಿದ್ದು ಊದುಬತ್ತಿ ಬೇಡ ಅನ್ನುವ ಧೈರ್ಯ ನನಗಿಲ್ಲ. ಇಎಸ್‌ಪಿ32ಕ್ಕೆ ಒಂದು ರಿಲೇ (ಬೋರ್ಡು ಹೇಳಿದಂತೆ ಹಚ್ಚಿ ಆರಿಸುವ ಸ್ವಿಚ್) ಸೇರಿಸಿ, 60 ಪಿಪಿಬಿ ದಾಟಿದರೆ ಫ್ಯಾನ್ ಹಚ್ಚು, 40ಕ್ಕೆ ಇಳಿದರೆ ಆರಿಸು, ಸಂಜೆ ಆರರಿಂದ ಏಳರವರೆಗೆ ಏನಾದರೂ ಸರಿ ಹಚ್ಚಬೇಡ ಅಂತ ಬರೆದೆ. ಮನೆಯ ರಾಜಕೀಯವೂ ಕೋಡಿನೊಳಗೆ ಹೋಯಿತು.

ಕಿಟಕಿ ಮುಚ್ಚುತ್ತಿದ್ದದ್ದು ಸೊಳ್ಳೆಗೆ, ಸೊಳ್ಳೆಗೆ ಬತ್ತಿ ಬೇರೆ ಹಚ್ಚುತ್ತಿದ್ದೆವು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ, ಫಾರ್ಮಾಲ್ಡಿಹೈಡ್ 51 ಸಿಗರೇಟಿನವರೆಗೆ. ಕಿಟಕಿಗೆ ವೆಲ್ಕ್ರೋ ಪಟ್ಟಿಯ ಸೊಳ್ಳೆಪರದೆ ಹಾಕಲು 600 ರೂಪಾಯಿ ಆಯಿತು. ಮೊದಲೇ ಮಾಡಬೇಕಿತ್ತು.

ವಾರ್ಡ್‌ರೋಬಿನೊಳಗೆ ಅತ್ತೆ ಇಟ್ಟಿದ್ದ ನುಸಿಗುಳಿಗೆಯನ್ನೂ ಇದೇ ಸಮಯಕ್ಕೆ ತೆಗೆದೆ. ನ್ಯಾಫ್ತಲೀನ್ ಎಳೆ ಮಕ್ಕಳಿಗೆ, ಅದರಲ್ಲೂ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ, ರಕ್ತಕಣ ಒಡೆಯುವಂಥ ತೊಂದರೆ ಕೊಡುತ್ತದೆ. ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯಿಂದ ಲಾವಂಚದ ಬೇರು ತಂದು ಬಟ್ಟೆಯಲ್ಲಿ ಕಟ್ಟಿಟ್ಟೆ. ಅದು ನುಸಿಯನ್ನು ನಿಜವಾಗಿ ತಡೆಯುತ್ತದೆಯೋ ಅಂತ ಅಳೆಯಲು ಹೋಗಲಿಲ್ಲ. ರೇಷ್ಮೆ ಸೀರೆಗಳನ್ನು ಎರಡು ತಿಂಗಳಿಗೊಮ್ಮೆ ನೆರಳಲ್ಲಿ ಗಾಳಿಗೆ ಹಾಕುತ್ತೇವೆ, ಅಷ್ಟೇ.

ಉಪಯೋಗಕ್ಕೆ ಬಾರದವು

ಪಕ್ಕದ ಮನೆಯವರು ಪ್ರೀತಿಯಿಂದ ನಾಲ್ಕು ಕುಂಡ ಸ್ನೇಕ್ ಪ್ಲಾಂಟ್ ಕೊಟ್ಟರು. ನಾಸಾದವರೇ ಹೇಳಿದ್ದಾರಂತೆ ಅಂದರು. 1989ರ ಆ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕಹಾಕಿದವರು, ಮಾಮೂಲಿ ಕೋಣೆಯ ಗಾಳಿಯಾಟಕ್ಕೆ ಸಮನಾಗಬೇಕಾದರೆ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂದರು. ಕಡಿಮೆ ಅಂದರೆ ನಮ್ಮ ಕೋಣೆಗೆ ನೂರು ಕುಂಡ, ಮಗಳು ಬಾಲ್ಕನಿಯಲ್ಲಿ ಮಲಗಬೇಕು. ನಾಲ್ಕೂ ಕುಂಡ ಈಗ ಮೆಟ್ಟಿಲ ಬಳಿ ಚೆಂದಕ್ಕಿವೆ.

ತೆಂಗಿನ ಚಿಪ್ಪಿನ ಇದ್ದಿಲು ಎರಡು ಕೆಜಿ ಬುಟ್ಟಿಯಲ್ಲಿಟ್ಟು ವಾರ ನೋಡಿದೆ. 540 ಇದ್ದದ್ದು 530. ಕಾರ್ಖಾನೆಯ ಆಕ್ಟಿವೇಟೆಡ್ ಕಾರ್ಬನ್ ಆದರೂ ಫಾರ್ಮಾಲ್ಡಿಹೈಡ್ ಅಷ್ಟು ಹಗುರವಾದ ಅಣುವನ್ನು ಹಿಡಿದಿಡುವುದು ಕಷ್ಟ, ಅದಕ್ಕೆ ಬೇರೆ ರಾಸಾಯನಿಕ ಲೇಪಿಸಿರಬೇಕು. ಕೋವಿಡ್ ಕಾಲದಲ್ಲಿ ಹೆಸರಾದ ಕೋರ್ಸಿ-ರೋಸೆಂಥಾಲ್ ಪೆಟ್ಟಿಗೆ, ಅಂದರೆ ಫ್ಯಾನಿನ ಸುತ್ತ ಫಿಲ್ಟರ್ ಕಟ್ಟುವುದು, ಮಾಡುವ ಆಸೆ ನನಗೂ ಇತ್ತು. ಅದು ಧೂಳಿಗೆ, ಹೊಗೆಯ ಕಣಕ್ಕೆ ಒಳ್ಳೆಯದು. ಅನಿಲ ಅದರ ಮೂಲಕ ಹಾಗೇ ದಾಟಿಹೋಗುತ್ತದೆ. ಧೂಪದ ಸಲುವಾಗಿ ಹಜಾರಕ್ಕೆ ಇನ್ನೊಮ್ಮೆ ನೋಡೋಣ.

ಮೇ 23ರ ಲೆಕ್ಕ

ಮಳೆ ಬರುವ ಮುಂಚೆ ಅಳೆಯಬೇಕೆಂಬ ಹಟ ನನಗಿತ್ತು. ಜೂನ್ ಬಂದು ತಂಪಾದರೆ ಅಂಕಿ ತಾನಾಗೇ ಇಳಿಯುತ್ತದೆ, ಆಗ ನಾನೇ ಇಳಿಸಿದೆ ಅಂತ ಬೀಗಬಹುದು, ಸುಳ್ಳಾಗುತ್ತದೆ. 23ರ ಮಧ್ಯಾಹ್ನ ಕೋಣೆ 33 ಡಿಗ್ರಿ ಮುಟ್ಟಿತು. ಏಪ್ರಿಲ್ಲಿನ ಹಾಗೇ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬಾಗಿಲಡಿಗೆ ಹಳೇ ಬೆಡ್‌ಶೀಟ್ ತುರುಕಿ ಮೂರು ಗಂಟೆ ಬಿಟ್ಟೆ. 71. ಶೆಲ್ಫಿನೊಳಗೆ 160. ಬೆಡ್‌ಶೀಟ್ ತೆಗೆದು ಫ್ಯಾನ್ ಹಚ್ಚಿದ ನಲವತ್ತು ನಿಮಿಷಕ್ಕೆ ಕೋಣೆ 34.

ಐದು ವಾರದಲ್ಲಿ ಹಲಗೆ ತಾನಾಗೇ ಎಷ್ಟು ಹಳತಾಗಿರಬಹುದು? ಅದಕ್ಕೆಂದೇ ಏನೂ ಬಳಿಯದ ಒಂದು ಶೆಲ್ಫ್ ತುಂಡನ್ನು ತೆರೆದ ಗಾಳಿಯಲ್ಲಿ ಉಳಿಸಿದ್ದೆ. ಏಪ್ರಿಲ್ಲಿನಲ್ಲಿ 410 ಕೊಟ್ಟದ್ದರ ಜೋಡಿ. ಅದು 370 ಕೊಟ್ಟಿತು. ನೂರಕ್ಕೆ ಹತ್ತು ಕಾಲದ ಕೊಡುಗೆ, ಉಳಿದದ್ದು ಟೇಪು, ಅರಗು, ಬೆನ್ನಿನದು. ಇದರಲ್ಲಿ ಬೆನ್ನಿನದೇ ಸಿಂಹಪಾಲು ಅಂತ ನನ್ನ ಊಹೆ. ಒಂದೊಂದೇ ಮಾಡಿ ಅಳೆಯುವ ತಾಳ್ಮೆ ಇದ್ದಿದ್ದರೆ ಖಚಿತವಾಗಿ ಹೇಳಬಹುದಿತ್ತು.

ಖರ್ಚು: ಸೆನ್ಸರ್ ಬಿಟ್ಟು ಪ್ಲೈ, ಟೇಪ್, ಅರಗು, ಸ್ಪಿರಿಟ್, ಫ್ಯಾನ್, ಗಾರೆ, ಪರದೆ ಎಲ್ಲ ಸೇರಿ 13,800. ಮೊದಲೇ ಬೆನ್ನಿಗೆ 710 ಪ್ಲೈ, ಎಲ್ಲ ಅಂಚಿಗೂ ಪಟ್ಟಿ, ಬೋರ್ಡಿಗೆ ಇ1 ಇಲ್ಲವೇ ಇ0 (ಕಡಿಮೆ ಫಾರ್ಮಾಲ್ಡಿಹೈಡ್ ಬಿಡುವ ದರ್ಜೆ) ಮುದ್ರೆ ಅಂತ ಬಾಯಿಬಿಟ್ಟು ಕೇಳಿದ್ದರೆ ಏಳೆಂಟು ಸಾವಿರ ಹೆಚ್ಚಾಗುತ್ತಿತ್ತು ಅಂತ ಆಚಾರ್ರೇ ಆಮೇಲೆ ಲೆಕ್ಕ ಹೇಳಿದರು. ಈಗ ಅವರು ಬೇರೆಯವರ ಮನೆಯಲ್ಲಿ ಅಳತೆ ತೆಗೆಯುವಾಗ "ಹಿಂದ್ಗಡೆಗೂ ಬೇಕಾ?" ಅಂತ ಕೇಳುತ್ತಾರಂತೆ. ಹೆಚ್ಚಿನವರು ಬೇಡ ಅನ್ನುತ್ತಾರಂತೆ.

ಮಗಳು 24ಕ್ಕೆ ಬಂದಳು. ಕಣ್ಣುಜ್ಜುವುದು ನಿಂತಿದೆ. ಸೆಪ್ಟೆಂಬರಿನಲ್ಲಿ ಮತ್ತೆ ಅಳೆದಾಗ 28 ಡಿಗ್ರಿಯಲ್ಲಿ 41 ಇತ್ತು. ಎರಡು ಶೆಲ್ಫಿನ ಟೇಪ್ ಮತ್ತೆ ಹಾಕಿದೆ, ಬಚ್ಚಲ ಗೋಡೆ ಒಣಗೇ ಇದೆ. ಚಕ್ಕುಲಿ ಡಬ್ಬಿ ಅತ್ತೆ ವಾಪಸ್ ತೆಗೆದುಕೊಂಡಿಲ್ಲ, ಹೊಸದು ಕೊಡಿಸಿದೆ. ಬಾಕಿ ಉಳಿದದ್ದು ಮೇಜಿನ ಅಡಿ. ಬಾಟಲಿಯಲ್ಲಿ ಕರಗಿಸಿದ ಅರಗು ಅರ್ಧ ಇದೆ, ಆರು ತಿಂಗಳು ದಾಟಿದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ, ಬೆರಳಿಗೆ ಅಂಟುತ್ತಲೇ ಇರುತ್ತದೆ. ದಸರಾ ರಜೆಯಲ್ಲಿ ಮಗಳು ಮತ್ತೆ ತೀರ್ಥಹಳ್ಳಿಗೆ ಹೋಗುತ್ತಾಳೆ. ಆ ವಾರ ಮೇಜು ಮಗುಚಬೇಕು.